ಕೋರೆಹಲ್ಲಿಲ್ಲದ ಖಳ

ನಾಟಕ ಬರೆಯುವ, ನಾಟಕ ಆಡುವ ಹುಡುಗರು ಈಗಲೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕೈಯಲ್ಲಿ ನೋಟ್‌ಬುಕ್ಕು. "ಖಳನ ಪಾತ್ರ ಸರಿಯಾಗಿ ಬಂದಿದೆಯಾ ನೋಡಿ ತಾತಾ" ಅನ್ನುತ್ತಾರೆ. ಓದಿಸಿ ಕೇಳುತ್ತೇನೆ. ಖಳ ಬಂದದ್ದೇ ಅಟ್ಟಹಾಸ ಮಾಡುತ್ತಾನೆ, ಮೀಸೆ ತಿರುವುತ್ತಾನೆ, ಊರನ್ನೇ ಸುಟ್ಟುಬಿಡುತ್ತೇನೆ ಅನ್ನುತ್ತಾನೆ. ಅಲ್ಲಿಗೆ ನಿಲ್ಲಿಸಿ, "ಅಪ್ಪಾ, ಇವನು ನಿಮ್ಮನೆಗೆ ಬಂದ್ರೆ ಒಳಗೆ ಕರೆದು ಕೂರಿಸ್ತೀಯಾ?" ಎಂದು ಕೇಳುತ್ತೇನೆ.

"ಇಂಥವನನ್ನ ಯಾರು ಕೂರಿಸ್ತಾರೆ ತಾತಾ?"

"ಹಂಗಾದ್ರೆ ಇವನಿಂದ ಏನು ಕೆಡುಕಾಗುತ್ತೆ? ಹೊಸಲೇ ದಾಟಲಾರದವನು!"

ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಅವರನ್ನು ಬೈಯುವ ಹಕ್ಕು ನನಗಿಲ್ಲ. ನಾನೂ ಹಾಗೇ ಅಟ್ಟಹಾಸ ಮಾಡಿ ಮಾಲೂರಿನಲ್ಲಿ ಮಾನ ಕಳೆದುಕೊಂಡವನು. ಆ ಕಥೆಯನ್ನು ಬರೆದಿಟ್ಟರೆ ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವುದು ತಪ್ಪುತ್ತದೆ ಎಂದು ಕೂತಿದ್ದೇನೆ.

ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು. ವೇಮಗಲ್ ಕಡೆಯ ಹಳ್ಳಿ. ಕೋಲಾರ ಸೀಮೆಯಲ್ಲಿ ತಿರುಗುತ್ತಿದ್ದ ಒಂದು ನಾಟಕ ಕಂಪನಿಗೆ ಸೇರಿದಾಗ ನನ್ನ ಕೆಲಸ ಗೂಟ ಹೊಡೆಯುವುದು, ಹಗ್ಗ ಬಿಗಿಯುವುದು, ಪರದೆ ಎಳೆಯುವುದು. ಕಷ್ಟದ ಕೆಲಸ, ಆದರೆ ನಾನು ಎಳೆದ ಪರದೆ ಒಂದು ದಿನವೂ ಮಧ್ಯದಲ್ಲಿ ಸಿಕ್ಕಿಕೊಂಡದ್ದಿಲ್ಲ. ಹಗ್ಗ ಹಿಡಿದು ನಿಂತು ನಿಂತೇ ನನಗೆ ಎಲ್ಲರ ಮಾತೂ ಬಾಯಿಪಾಠವಾಯಿತು. ಖಳನ ಪಾತ್ರದವರು ಗಂಟಲು ಕೆಟ್ಟು ಊರಿಗೆ ಹೋದಾಗ, ಅಪ್ಪಣ್ಣ ಮೇಷ್ಟ್ರು ನನ್ನ ಕಡೆ ಬೆರಳು ತೋರಿಸಿದರು.

ಅಪ್ಪಣ್ಣ ಮೇಷ್ಟ್ರು ನಮಗೆ ನಾಟಕ ಬರೆದುಕೊಡುವವರು, ಕಲಿಸುವವರು, ಹಾರ್ಮೋನಿಯಂ ನುಡಿಸುವವರು, ಎಲ್ಲ ಅವರೇ. ಒಣಕಲು ದೇಹ, ಮೂಗಿನ ತುದಿಯಲ್ಲಿ ಕನ್ನಡಕ. ಅವರು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಪಾತ್ರ ಚೆನ್ನಾಗಿ ಬಂದ ದಿನ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಿದ್ದರು, ಅಷ್ಟೇ. ಆ ಒರೆಸುವುದನ್ನು ನೋಡಲು ನಾವು ಬೆವರು ಸುರಿಸಿ ದುಡಿಯುತ್ತಿದ್ದೆವು.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಜನಕ್ಕೆ ಪುರಾಣದ ನಾಟಕ ಸಾಕಾಗಿತ್ತು. ಮೇಷ್ಟ್ರು ಒಂದು ಸಾಮಾಜಿಕ ನಾಟಕ ಬರೆದರು. ವಿಧವೆಯೊಬ್ಬಳ ಒಬ್ಬಳೇ ಮಗಳನ್ನು ಸುಂದರಯ್ಯ ಎಂಬುವನು ಮದುವೆಯಾಗಿ ಮನೆ ಅಳಿಯನಾಗಿ ಬರುತ್ತಾನೆ, ಅತ್ತೆಯ ಜಮೀನು ಬರೆಸಿಕೊಳ್ಳುತ್ತಾನೆ, ಹೆಂಡತಿಯ ತಮ್ಮನಂತಿದ್ದ ಆಳನ್ನು ಓಡಿಸುತ್ತಾನೆ. ಕೊನೆಗೆ ಸಿಕ್ಕಿಬಿದ್ದು ಹೆಂಡತಿಯ ಕಾಲಿಗೆ ಬಿದ್ದು ಅಳುತ್ತಾನೆ, ಅವಳು ಎತ್ತಿ ನಿಲ್ಲಿಸುತ್ತಾಳೆ, ಎಲ್ಲರೂ ಸಾಲಾಗಿ ನಿಂತು ಮಂಗಳ ಹಾಡುತ್ತಾರೆ. ಖಳನೂ ಆ ಸಾಲಿನಲ್ಲಿ ಕೈ ಮುಗಿದು ನಿಲ್ಲಬೇಕು. ಅದು ಆಗಿನ ಪದ್ಧತಿ.

ಸುಂದರಯ್ಯನ ಪಾತ್ರ ನನ್ನದು. ಮಾಲೂರಿನಲ್ಲಿ ಮೊದಲ ಆಟ. ನನಗೆ ಗೊತ್ತಿದ್ದದ್ದು ರಾಕ್ಷಸ ವೇಷವೊಂದೇ. ಮುಖಕ್ಕೆ ಅರದಾಳದ ಹಳದಿ ಬಣ್ಣ ಬಳಿದು, ಹುಬ್ಬು ಕಿವಿಯವರೆಗೆ ಎಳೆದು, ನೆಲ ಕುಟ್ಟುತ್ತಾ ಬಂದು, "ಅತ್ತೆಯವರೇ, ಕ್ಷೇಮವೇ!" ಎಂದು ಗರ್ಜಿಸಿದೆ.

ಮುಂದಿನ ಚಾಪೆಯಿಂದ ಯಾರೋ ಕೂಗಿದರು: "ಅಯ್ಯೋ, ಅತ್ತೆನ ಊಟಕ್ಕೆ ಹಾಕ್ಕೊಂಡ್‌ಬಿಡ್ತಾನೆ, ಹಿಡ್ಕೊಳ್ರಪ್ಪೋ!"

ಇಡೀ ಡೇರೆ ನಕ್ಕಿತು. ನಾನು ಇನ್ನೂ ಜೋರಾಗಿ ಗರ್ಜಿಸಿದೆ. ಅವರು ಇನ್ನೂ ಜೋರಾಗಿ ನಕ್ಕರು. ಕೊನೆಯ ದೃಶ್ಯದಲ್ಲಿ ಅಳುವಾಗಲೂ ನಕ್ಕರು. ಖಳನ ಮೇಲೆ ಚಪ್ಪಲಿ ಬಿದ್ದರೆ ಅದು ನಮಗೆ ಪದಕ. ಆದರೆ ಖಳನನ್ನು ನೋಡಿ ಜನ ನಕ್ಕರೆ ಮಣ್ಣು ತಿಂದ ಹಾಗೆ.

ಬೆಳಿಗ್ಗೆ ಮೇಷ್ಟ್ರು ಕರೆದರು. "ಲೇ ಮುನಿಯಾ, ತುಮಕೂರಿನ ಕಡೆ ಒಬ್ಬ ಖಳನ ಪಾತ್ರದೋನಿದ್ದಾನೆ. ಕಾಗದ ಬರೆದಿದ್ದೀನಿ. ಕೋಲಾರದ ಕ್ಯಾಂಪಿಗೆ ಬರ್ತಾನೆ. ಅಷ್ಟರೊಳಗೆ ನೀನು ಸುಂದರಯ್ಯ ಆದ್ಯೋ, ಪಾತ್ರ ನಿಂದು. ಆಗ್ಲಿಲ್ವೋ, ಹಗ್ಗ ಇದ್ದೇ ಇದೆ."

"ಹೆಂಗೆ ಮಾಡ್ಬೇಕು ಹೇಳಿಕೊಡಿ ಮೇಷ್ಟ್ರೆ."

"ನನಗೆ ಗೊತ್ತಿದ್ದಿದ್ರೆ ನಿನ್ನೆ ರಾತ್ರೀನೇ ಹೇಳ್ತಿದ್ದೆ. ಹೋಗು, ಮನುಷ್ಯರನ್ನ ನೋಡು."

ನನಗೆ ಗೊತ್ತಿಲ್ಲ ಎಂದು ಶಿಷ್ಯನ ಮುಂದೆ ಹೇಳಿದ ಗುರುವನ್ನು ನಾನು ಆಮೇಲೆ ಬಹಳ ಕಂಡಿಲ್ಲ. ಆ ಒಂದು ಮಾತಿಗೇ ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಆದರೆ ಆ ದಿನ ಅಳು ಬಂದಿತ್ತು. ನಾಟಕವಿಲ್ಲದ ದಿನ, ಡೇರೆಯವರ ಮುಖ ನೋಡಲಾರದೆ ಹೊರಟು ಶಿವಾರಪಟ್ಟಣಕ್ಕೆ ನಡೆದೆ.

ಆ ಊರಿನಲ್ಲಿ ಬೀದಿ ಬೀದಿಗೂ ಉಳಿಯ ಸದ್ದು. ಒಂದು ಚಪ್ಪರದ ಕೆಳಗೆ ರಂಗಾಚಾರಿ ಎಂಬ ಮುದುಕರು ದೇವಿಯ ವಿಗ್ರಹ ಮಾಡುತ್ತಿದ್ದರು. ದೇವಿ ಮುಗಿದಿದ್ದಳು, ಕಣ್ಣು ಬಿಡಿಸುವುದೊಂದು ಬಾಕಿ. ಆಕೆಯ ಪಾದದ ಕೆಳಗಿನ ಅಸುರನ ಮುಖಕ್ಕೆ ಅವರು ಕೈ ಹಾಕಿದ್ದರು. ಬಗ್ಗಿ ನೋಡಿದೆ. ಕಲ್ಲಿನಲ್ಲಿ ಬಂದಿದ್ದದ್ದು ಒಳ್ಳೆ ಚೆಲುವ ಗಂಡಸಿನ ಮುಖ. ತುಟಿಯಲ್ಲಿ ಸಣ್ಣ ನಗು.

"ಇವನು ಅಸುರ ಅಲ್ವಾ ತಾತಾ? ಮದುವೆ ಗಂಡು ಇದ್ದಂಗಿದ್ದಾನೆ!"

"ಮೊದಲು ಮದುವೆ ಗಂಡನ್ನೇ ಕೆತ್ತೋದು ಕಣಪ್ಪ. ನಮ್ಮಪ್ಪ ಕಲಿಸಿದ್ದು ಹಂಗೆ. ಚೆಲುವ ಬಂದ ಮೇಲೆ ಕೋರೆಹಲ್ಲು. ಮೊದಲೇ ಕೋರೆ ಕೆತ್ತಿದ್ರೆ ಹಂದಿ ಬರುತ್ತೆ, ಅಸುರ ಬರಲ್ಲ."

"ಕೋರೆ ಕೆತ್ತದೇ ಬಿಟ್ರೆ?"

ಮುದುಕರು ಉಳಿ ಕೆಳಗಿಟ್ಟು ನಕ್ಕರು. "ಬಿಟ್ರೆ ನಿಮ್ಮಂಥೋರು ಅವನನ್ನೇ ಮನೆಗೆ ಎತ್ಕೊಂಡೋಗಿ ಹೂವು ಹಾಕ್ತೀರಿ. ಅದಕ್ಕೇ ಕೋರೆ ಇಡೋದು, ಗುರುತು ಸಿಗ್ಲಿ ಅಂತ."

ಎಷ್ಟು ದೊಡ್ಡ ಮಾತನ್ನು ಎಷ್ಟು ಹಗುರವಾಗಿ ಹೇಳಿದರು! ವಾಪಸು ನಡೆಯುತ್ತಾ ಬರುವಾಗ ನನಗೆ ಥಟ್ಟನೆ ಹೊಳೆಯಿತು. ಕೋರೆ ಇಲ್ಲದ ಅಸುರನನ್ನು ನಾನು ನೋಡಿದ್ದೇನೆ. ಅವನಿಗೆ ನಮ್ಮ ಮನೆಯಲ್ಲೇ ಹೂವು ಹಾಕಿದ್ದೇವೆ. ನನ್ನ ಲಕ್ಷ್ಮಕ್ಕನ ಗಂಡ, ನನ್ನ ಭಾವ.

ಭಾವನನ್ನು ಕಂಡರೆ ಆಗೆಲ್ಲ ನನಗೆ ಪ್ರಾಣ. ಊರಿಗೆ ಬಂದರೆ ನಾಯಿಗಳ ಹೆಸರೂ ಹಿಡಿದು ಕರೆಯುವ ಮನುಷ್ಯ. ದನಿ ಏರಿಸಿದ್ದಿಲ್ಲ. ಅಮ್ಮನಿಗೆ ಜ್ವರ ಬಂದಾಗ ಮೂರು ದಿನ ಪಕ್ಕ ಬಿಟ್ಟು ಏಳದೆ ಕಾಲು ಒತ್ತಿದರು. "ಹೆತ್ತ ಮಗನೂ ಹಿಂಗೆ ಮಾಡಲ್ಲ" ಎಂದು ಊರು ಹಾಡಿ ಹೊಗಳಿತು. ನಾಲ್ಕನೇ ದಿನ, ಗೋಡೆಯ ಗೂಡಿನಲ್ಲಿ ತೆಗೆದಿಟ್ಟಿದ್ದ ಅಮ್ಮನ ಕಿವಿಯ ಚಿನ್ನದ ಓಲೆ ಕಾಣಲಿಲ್ಲ.

"ಬೆಳಿಗ್ಗೆ ತಿಮ್ಮಯ್ಯ ಒಳಗೆ ಬಂದಂಗಿತ್ತು" ಎಂದು ಭಾವ ಮೆಲ್ಲಗೆ ಅಂದರು. ತಿಮ್ಮಯ್ಯ ನಮ್ಮ ಮನೆಯ ಆಳು. ಅಪ್ಪ ಅವನನ್ನು ಕಂಬಕ್ಕೆ ಕಟ್ಟಿ ಪೊಲೀಸಿಗೆ ಹೇಳಿಕಳಿಸಲು ಹೊರಟಾಗ ಅಡ್ಡ ಬಂದವರೂ ಭಾವನೇ. "ಬೇಡ ಮಾವ. ಹೊಟ್ಟೆಗಿಲ್ಲದೋನು, ಏನೋ ತಪ್ಪು ಮಾಡ್ದ. ಬಿಟ್ಬಿಡಿ" ಎಂದು ತಾವೇ ಗಂಟು ಬಿಚ್ಚಿದರು. ಊರು ಮತ್ತೆ ಹೊಗಳಿತು. ತಿಮ್ಮಯ್ಯ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಅವನ ಬೆನ್ನಿಗೆ ಮಣ್ಣಿನ ಹೆಂಟೆ ಎಸೆದವರಲ್ಲಿ ನಾನೂ ಒಬ್ಬ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಖಳನನ್ನು ಅರ್ಥ ಮಾಡಿಕೊಳ್ಳಬೇಕೆನ್ನುವವರು, ಅವನ ಪಕ್ಕ ನಿಂತು ಹೆಂಟೆ ಎಸೆದ ಒಳ್ಳೆಯವರನ್ನೂ ಅರ್ಥ ಮಾಡಿಕೊಳ್ಳಬೇಕು.

ಎರಡು ವರ್ಷದ ಮೇಲೆ ಶ್ರೀನಿವಾಸಪುರದ ಅಕ್ಕಸಾಲಿಯೊಬ್ಬ ಓಲೆಯ ಕಥೆಯನ್ನು ಅಪ್ಪನಿಗೆ ಹೇಳಿದ. ಅವನಿಗೆ ಮಾರಿದ್ದವರು ಭಾವ. ನಾವೆಲ್ಲ ಅವರ ಮನೆಗೆ ಹೋಗಿ ಕೇಳಿದೆವು. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಕಣ್ಣಿಗೆ ಬಿತ್ತು, ತಗೊಂಡೆ. ಅದಕ್ಕೆ ಇಷ್ಟು ಜನ ಬರಬೇಕಾಗಿತ್ತಾ?"

"ತಿಮ್ಮಯ್ಯನ ಗತಿ?" ಎಂದು ಅಪ್ಪ ಕೇಳಿದರು.

"ಅವನಿಗೇನಾಯ್ತು ಮಾವ? ಇಲ್ಲೂ ಕೂಲಿ ಮಾಡ್ತಿದ್ದ, ಅಲ್ಲೂ ಕೂಲಿ ಮಾಡ್ತಾನೆ." ಆಮೇಲೆ ಒಳಗೆ ತಿರುಗಿ, "ಲಕ್ಷ್ಮೀ, ಬಿಸಿಲಲ್ಲಿ ಬಂದವ್ರೆ, ಎಲ್ಲರಿಗೂ ಮಜ್ಜಿಗೆ ಕೊಡು" ಅಂದರು.

ಕೋಪದಲ್ಲಿ ಕೊಲೆ ಮಾಡುವವರಿದ್ದಾರೆ, ಆಸೆಗೆ ಕದಿಯುವವರಿದ್ದಾರೆ. ಅವರಿಗೆ ಆಮೇಲೆ ನಿದ್ದೆ ಬರುವುದಿಲ್ಲ, ಎದುರಿಗೆ ಬಂದರೆ ತಲೆ ತಗ್ಗಿಸುತ್ತಾರೆ. ಅದು ಬೇರೆ ಜಾತಿಯ ಖಳ. ಭಾವನಂಥವರು ತಣ್ಣಗಿರುತ್ತಾರೆ. ಇನ್ನೊಬ್ಬನ ನೋವು ಅವರಿಗೆ ಗೋಡೆಯಾಚೆ ಮಾತು ಕೇಳಿಸಿದ ಹಾಗೆ. ಕೇಳಿಸುತ್ತದೆ, ಯಾರದ್ದೆಂದೂ ಗೊತ್ತಾಗುತ್ತದೆ, ಆದರೆ ಎದ್ದು ಹೋಗಬೇಕೆನ್ನಿಸುವುದಿಲ್ಲ. ಹಾಗೆಂದು ಅವರು ದಡ್ಡರಲ್ಲ. ನಿಮಗೆ ಏನು ಬೇಕು ಎನ್ನುವುದನ್ನು ನಿಮಗಿಂತ ಮುಂಚೆ ತಿಳಿದಿರುತ್ತಾರೆ.

ಶ್ರೀನಿವಾಸಪುರದ ಕ್ಯಾಂಪಿನಲ್ಲಿ ನಾನು ಅರದಾಳ ಮುಟ್ಟಲಿಲ್ಲ. ಬಿಳಿ ಪಂಚೆ ಉಟ್ಟು ಹಣೆಗೆ ವಿಭೂತಿ ಇಟ್ಟುಕೊಂಡೆ. ಅತ್ತೆಯ ಪಾತ್ರದವರ ಕೈಯಿಂದ ನೀರಿನ ಬಿಂದಿಗೆ ಇಸಿದುಕೊಂಡು, "ಯಾಕತ್ತೆ, ನಾನಿಲ್ವಾ?" ಎಂದು ಮೆಲ್ಲಗೆ ಅಂದೆ. ಹೆಂಗಸರ ಕಡೆಯಿಂದ ಒಂದು ದನಿ ಬಂತು: "ಅಳಿಯ ಅಂದ್ರೆ ಹಿಂಗಿರ್ಬೇಕು ಕಣೇ!" ನಾಟಕ ಮುಂದೆ ಹೋದ ಹಾಗೆಲ್ಲ ಅದೇ ಹೆಂಗಸರು ಸುಮ್ಮನಾಗುತ್ತಾ ಬಂದರು. ಆಳನ್ನು ಕಂಬದಿಂದ ಬಿಚ್ಚುವ ದೃಶ್ಯವನ್ನು ನಾನೇ ಮೇಷ್ಟ್ರಿಗೆ ಹೇಳಿ ಸೇರಿಸಿದ್ದೆ. ಅಲ್ಲಿ ಡೇರೆ ಉಸಿರು ಬಿಗಿಹಿಡಿದಿತ್ತು.

ಕೊನೆಗೆ ಹೆಂಡತಿಯ ಕಾಲಿಗೆ ಬಿದ್ದು ಅತ್ತುಬಿಟ್ಟೆ. ಮನಸಾರೆ ಅತ್ತೆ. ಜನ ಚಪ್ಪಾಳೆ ತಟ್ಟಿದರು, ಕೆಲವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗೆದ್ದೆ ಎಂದುಕೊಂಡು ಒಳಗೆ ಬಂದು ಮೇಷ್ಟ್ರ ಕನ್ನಡಕ ನೋಡಿದೆ. ಅದು ಮೂಗಿನ ಮೇಲೆಯೇ ಇತ್ತು.

"ಜನ ನಿನ್ನ ಕ್ಷಮಿಸ್ಬಿಟ್ರಲ್ಲೋ" ಅಂದರು.

"ಒಳ್ಳೇದೇ ಅಲ್ವಾ ಮೇಷ್ಟ್ರೆ?"

"ಒಳ್ಳೇದೇನೋ ಹೌದು. ಮೂರು ಅಂಕ ಒಬ್ಬ ಮನುಷ್ಯ, ನಾಲ್ಕನೇ ಅಂಕಕ್ಕೆ ಇನ್ನೊಬ್ಬ ಎಲ್ಲಿಂದ ಬಂದ? ನನಗೇ ತಿಳೀತಿಲ್ಲ. ತಪ್ಪು ನಂದು, ಬರೆದೋನು ನಾನು."

ಅಕ್ಕ ಆಗ ಆ ಊರಿನ ಪಕ್ಕದ ಹಳ್ಳಿಯಲ್ಲಿ ಒಬ್ಬಳೇ ಇದ್ದು ರೇಷ್ಮೆ ಹುಳು ಸಾಕುತ್ತಿದ್ದಳು. ಭಾವ ಎರಡು ಸಲ ಬಿಟ್ಟು ಹೋಗಿದ್ದರು, ಎರಡು ಸಲವೂ ಅತ್ತುಕೊಂಡು ವಾಪಸು ಬಂದಿದ್ದರು, ಅಕ್ಕ ಎರಡು ಸಲವೂ ಮನೆಗೆ ಸೇರಿಸಿಕೊಂಡಿದ್ದಳು. ಮೂರನೆಯ ಸಲ ಹೋದವರು ಎಲ್ಲಿದ್ದಾರೋ ತಿಳಿಯದು. ಅಕ್ಕಪಕ್ಕದ ಹೆಂಗಸರ ಜೊತೆ ಅವಳೂ ನಾಟಕಕ್ಕೆ ಬಂದಿದ್ದಳೆಂದು ನನಗೆ ಮಾರನೆಯ ದಿನ ಗೊತ್ತಾಯಿತು. ಅವಳ ಗಂಡನನ್ನು ಊರಿನ ಮುಂದೆ ಬೆತ್ತಲೆ ನಿಲ್ಲಿಸಿದ್ದೆನಲ್ಲ! ಬೈಸಿಕೊಳ್ಳಲು ತಯಾರಾಗಿಯೇ ಹೋದೆ.

ಅಕ್ಕ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ, ತಪ್ಪಾಯ್ತು. ನಿನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಇನ್ನೂ ಚೆನ್ನಾಗಿ ಹೇಳಿಕೊಡ್ತಿದ್ದೆ. ಮಜ್ಜಿಗೆ ಕೊಡು ಅನ್ನೋದನ್ನ ಬಿಟ್ಟಿದ್ದೀಯಲ್ಲೋ."

ಅವಳು ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಎದುರು ಕೂತಳು.

"ಮುನೀ, ಎಲ್ಲಾ ಅವರೇ. ನಡಿಗೆ ಅವರದೇ, ನಗು ಅವರದೇ. ಆ ಕೊನೇ ಅಳು ಮಾತ್ರ ಅವರದಲ್ಲ, ನಿಂದು. ನೀನು ಹುಡುಗನಾಗಿದ್ದಾಗ ಏಟು ತಿಂದು ಅಳ್ತಿದ್ಯಲ್ಲ, ಅದು."

"ಭಾವನೂ ಅಳ್ತಿದ್ರಲ್ಲಕ್ಕಾ?"

"ಅಳ್ತಿದ್ರು. ಮುಖದ ಮೇಲೆ ಎರಡೂ ಕೈ ಇಟ್ಕೊಂಡು ಭುಜ ಕುಣಿಸಿ ಅಳೋರು. ಎರಡನೇ ಸಲ ಬಂದಾಗ ನಾನು ಕೆಳಗೆ ಕೂತಿದ್ದೆ, ಅವರು ಜಗಲಿ ಮೇಲಿದ್ರು. ಕೆಳಗಿಂದ ಕಂಡಿತು. ಬೆರಳ ಸಂದೀಲಿ ಒಂದು ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿದ್ರು. ನಾನು ಕರಗಿದ್ನೋ ಇಲ್ವೋ ಅಂತ."

"ಕಂಡ ಮೇಲೂ ಸೇರಿಸ್ಕೊಂಡ್ಯಾ?"

"ಕಂಡದ್ದನ್ನ ನಂಬೋಕೆ ಧೈರ್ಯ ಬೇಕು ಕಣೋ. ನನಗೆ ಇರಲಿಲ್ಲ." ಉಳಿದ ಸೊಪ್ಪನ್ನು ಹತ್ತಿರಕ್ಕೆ ಎಳೆದುಕೊಂಡು, "ಈಗ್ಲೂ ಇದೆಯೋ ಇಲ್ವೋ. ದೀಪಾವಳಿಗೆ ಬರ್ತೀನಿ ಅಂತ ಹೇಳಿಕಳ್ಸವ್ರೆ" ಅಂದಳು.

ಓದು ಬರಹವಿಲ್ಲದ ನನ್ನ ಅಕ್ಕ. ಇಡೀ ಕಂಪನಿಗೆ ಕಾಣದ್ದನ್ನು ಒಂದೇ ಸಲ ನೋಡಿ ಎತ್ತಿಕೊಟ್ಟಳು. ನಾನು ಓಡಿಬಂದು ಮೇಷ್ಟ್ರಿಗೆ ಹೇಳಿದೆ. ಅವರು, "ನಿಮ್ಮಕ್ಕನ ಕಾಲು ಯಾವ ಕಡೆ ಇದೆಯೋ ಅಲ್ಲಿಗೊಂದು ನಮಸ್ಕಾರ" ಎಂದು ಅಕ್ಕನ ಹಳ್ಳಿಯ ದಿಕ್ಕಿಗೆ ಕೈ ಮುಗಿದು, ಕೊನೆಯ ದೃಶ್ಯದ ಹಾಳೆ ಹರಿದು ಹಾಕಿದರು.

ಮುಳಬಾಗಿಲಿನಲ್ಲಿ ಹೊಸ ಕೊನೆ ಆಡಬೇಕಿತ್ತು. ಸುಂದರಯ್ಯ ಬೆರಳ ಸಂದಿಯಿಂದ ನೋಡುತ್ತಾ ಅಳುತ್ತಾನೆ, ಹೆಂಡತಿ ನಂಬಿ ಎತ್ತಿ ನಿಲ್ಲಿಸುತ್ತಾಳೆ. ಅಲ್ಲಿ ಆಟ ಕೊಂಡಿದ್ದ ಕಂಟ್ರಾಕ್ಟರು ಅಡ್ಡ ಬಂದರು. "ಖಳನಿಗೆ ಬುದ್ಧಿ ಬರದೆ ಮಂಗಳ ಹಾಡ್ತೀರಾ? ಊರಿಗೆ ಆಗಿಬರಲ್ಲ ಸ್ವಾಮಿ!"

"ಮಂಗಳ ಹಾಡ್ತೀವಿ. ಆದ್ರೆ ಸಾಲಿನಲ್ಲಿ ಸುಂದರಯ್ಯ ನಿಲ್ಲಲ್ಲ" ಅಂದರು ಮೇಷ್ಟ್ರು.

"ನಾಟಕ ಕೆಟ್ರೆ?"

"ಕೆಟ್ರೆ ನಾನೂ ಇವನ ಜೊತೆ ಹಗ್ಗ ಎಳೀತೀನಿ."

ನಾಟಕ ಕೆಟ್ಟಿತು. ಕೆಡಿಸಿದವನು ನಾನೇ. ಬೆರಳ ಸಂದಿ ಜನಕ್ಕೆ ಕಾಣದೆ ಹೋದರೆ ಎಂಬ ಭಯಕ್ಕೆ ಬೆರಳನ್ನು ಬಾಚಣಿಗೆಯ ಹಾಗೆ ಅಗಲಿಸಿ, ಅದರೊಳಗಿಂದ ಹಲ್ಲು ಬಿಟ್ಟೆ. ಮಾಲೂರಿನ ನಗು ಮುಳಬಾಗಿಲಿಗೂ ಬಂತು. ಕಂಟ್ರಾಕ್ಟರು ಏನೇನು ಅಂದರೋ, ಅದನ್ನು ಬರೆಯುವ ಹಾಗಿಲ್ಲ. ಮೇಷ್ಟ್ರು ಮಾತ್ರ ಬೈಯಲಿಲ್ಲ. "ನಿಮ್ಮಕ್ಕನಿಗೆ ಅವನು ತೋರಿಸಿದ್ನೇನೋ? ಇಲ್ಲ. ಅವಳಿಗೆ ಕಂಡಿತು. ನೀನು ತೋರಿಸ್ಬೇಡ ಮುನಿಯಾ. ನೀನು ನೋಡು. ಜನಕ್ಕೆ ಕಾಣೋದು ಅವರ ಪಾಡು" ಅಂದರು. ನಲವತ್ತು ವರ್ಷ ಬಣ್ಣ ಹಚ್ಚಿದ ಮೇಲೂ ಇದಕ್ಕಿಂತ ದೊಡ್ಡ ಪಾಠ ನನಗೆ ಯಾರೂ ಹೇಳಿಲ್ಲ.

ಕೋಲಾರ. ಅಲ್ಲಿನ ಡೇರೆಗೆ ಗ್ಯಾಸ್‌ಲೈಟಿನ ಬದಲು ಕರೆಂಟಿನ ದೀಪ. ಮುಖದ ಮೇಲೆ ನೊಣ ಕೂತರೂ ಹಿಂದಿನ ಸಾಲಿಗೆ ಕಾಣುವಷ್ಟು ಬೆಳಕು. ಮೇಷ್ಟ್ರು ಹೇಳಿದ್ದ ತುಮಕೂರಿನ ನಟ ಬೆಳಿಗ್ಗೆಯೇ ಟ್ರಂಕು ಹೊತ್ತು ಬಂದು, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಕ್ಕನೂ ಬಸ್ಸು ಹತ್ತಿ ಬಂದಿದ್ದಳು, ಹೆಂಗಸರ ಕಡೆ ಚಾಪೆಯ ತುದಿಯಲ್ಲಿದ್ದಳು.

ಮೂರು ಅಂಕ ಹೇಗೆ ಹೋಯಿತೋ ನನಗೆ ನೆನಪಿಲ್ಲ. ಕೊನೆಯ ದೃಶ್ಯ. ಹೆಂಡತಿಯ ಪಾತ್ರದ ರುಕ್ಮಿಣಮ್ಮ ಬಾಗಿಲಲ್ಲಿ ನಿಂತಿದ್ದಾರೆ. ನಾನು ಮೊಣಕಾಲೂರಿ, ಮುಖಕ್ಕೆ ಕೈ ಮುಚ್ಚಿ, ಭುಜ ಕುಣಿಸಿ ಅತ್ತೆ. ಡೇರೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಕ್ಕಳಿಕೆ. ಆಗ ಎರಡು ಬೆರಳು ಒಂದು ಕೂದಲಿನಷ್ಟು ಸರಿಸಿ, ಅಲ್ಲಿಂದ ರುಕ್ಮಿಣಮ್ಮನ ಮುಖ ನೋಡಿದೆ. ಕರಗಿದಳೋ ಇಲ್ಲವೋ ಎಂದು ನಿಜವಾಗಿ ನೋಡಿದೆ. ಕರಗಿದ್ದರು. ಬಗ್ಗಿ ಕೈ ಚಾಚಿದರು.

ಮಧ್ಯದಿಂದ ಒಬ್ಬ ಮುದುಕಿ ಎದ್ದು ನಿಂತು, "ನಮ್ಮೊದ್ದಮ್ಮಾ! ನಮ್ಮೊದ್ದು ವಾಣ್ಣಿ!" ಎಂದು ತೆಲುಗಿನಲ್ಲಿ ಚೀರಿದಳು. ನಂಬಬೇಡ ತಾಯೀ, ಅವನನ್ನ ನಂಬಬೇಡ. ಹಿಂದೆಯೇ ಹತ್ತಾರು ದನಿ, "ಎತ್ತಬೇಡಮ್ಮಾ, ಎತ್ತಬೇಡ!" ರುಕ್ಮಿಣಮ್ಮ ಚಾಚಿದ ಕೈಯನ್ನು ಹಾಗೇ ನಿಲ್ಲಿಸಿಬಿಟ್ಟರು. ಮೇಷ್ಟ್ರು ಬರೆದದ್ದರಲ್ಲಿ ಅದು ಇರಲಿಲ್ಲ. ನನ್ನ ತೊಡೆಗೆ ಒಂದು ಚಪ್ಪಲಿ ಬಂದು ಬಿತ್ತು.

ಆ ಗಲಾಟೆಯ ನಡುವೆ ಹೆಂಗಸರ ಕಡೆಯಿಂದ ಒಂದೇ ಒಂದು ನಗು ಕೇಳಿಸಿತು. ಮಾಲೂರಿನಲ್ಲಿ ನಕ್ಕಂಥ ನಗುವಲ್ಲ. ಹೊತ್ತುಕೊಂಡು ಬಂದ ಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದಾಗ ಬರುವಂಥದ್ದು. ಹುಟ್ಟಿದಾಗಿನಿಂದ ಕೇಳಿದ ದನಿ, ನನಗೆ ಗುರುತು ಸಿಗದೆ ಇರುತ್ತದೆಯೇ?

ಪರದೆ ಬಿತ್ತು. ಒಳಗೆ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು. ತುಮಕೂರಿನ ನಟ ಬಂದು ನನ್ನ ಬೆನ್ನು ತಟ್ಟಿ, ಮೇಷ್ಟ್ರ ಕಡೆ ತಿರುಗಿ, "ನನಗೆ ಬೇರೆ ಪಾತ್ರ ಏನಾದ್ರೂ ಇದ್ರೆ ಹೇಳಿ ಸ್ವಾಮಿ" ಅಂದ. ದೊಡ್ಡ ಮನಸ್ಸಿನವನು. ಮುಂದೆ ನಾವಿಬ್ಬರೂ ಎಷ್ಟೋ ವರ್ಷ ಒಂದೇ ಕನ್ನಡಿಯಲ್ಲಿ ಬಣ್ಣ ಹಚ್ಚಿದೆವು.

ವೇಷ ಕಳಚಿ ಹೊರಗೆ ಬಂದೆ. ಅಕ್ಕ ಡೇರೆಯ ಗೂಟದ ಹತ್ತಿರ ನಿಂತಿದ್ದಳು.

"ಅಕ್ಕಾ, ನಕ್ಕಿದ್ದು ನೀನೇ ತಾನೇ?"

"ಹೂಂ ಕಣೋ. ಊರೆಲ್ಲಾ ಕಂಡುಹಿಡಿದ್‌ಬಿಟ್ಟರಲ್ಲ, ನಗು ಬಂತು. ಅದೇ ಅಳು ನೋಡಿ ನಾನು ಎರಡು ಸಲ ಬಾಗಿಲು ತೆಗೆದಿದ್ದೆ."

ಭಾವ ಹೇಳಿದ್ದ ಹಾಗೆ ದೀಪಾವಳಿಗೆ ಬಂದರಂತೆ. ಜಗಲಿಯ ಮೇಲೆ ಕೂತು ಮುಖಕ್ಕೆ ಕೈ ಮುಚ್ಚಿಕೊಂಡರಂತೆ. ಅಕ್ಕ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟು, "ಬಿಸಿಲಲ್ಲಿ ಬಂದಿದ್ದೀರ, ಕುಡಿದು ಹೊರಡಿ" ಎಂದು ಹೇಳಿ, ಬಾಗಿಲು ಹಾಕಿಕೊಂಡು ಹುಳುವಿಗೆ ಸೊಪ್ಪು ಹಾಕಲು ಹೋದಳಂತೆ.